ಕಲ್ಲು ನಿಲ್ಲಿಸಿದ ಮೇಲೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಒಂದು ನಾಯಿಯ ವೀರಗಲ್ಲಿದೆ. ನಾಯಿಯ ಹೆಸರು ಕಾಳಿ. ಕಲ್ಲು ಬಂದದ್ದು ಮದ್ದೂರು ತಾಲ್ಲೂಕಿನ ಆತಕೂರಿನಿಂದ. ಹತ್ತನೇ ಶತಮಾನದ ನಡುವೆ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಬಿದ್ದ. ಗೆದ್ದ ಪಕ್ಷದ ಗಂಗರ ಬೂತುಗ ತನ್ನ ಬಂಟ ಮಣಲೇರನಿಗೆ ಮೆಚ್ಚಿ, ಬೇಕಾದ್ದು ಕೇಳು ಅಂದಾಗ ಅವನು ಕೇಳಿದ್ದು ಈ ಬೇಟೆನಾಯಿಯನ್ನು. ಮುಂದೊಂದು ದಿನ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಊರ ದೇವಸ್ಥಾನದ ಮುಂದೆ ಕಲ್ಲು ನಿಂತಿತು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಶಾಸನ ನಿಲ್ಲಿಸುವುದಿಲ್ಲ. ಕಲ್ಲಿನ ಹೆಸರಿನಲ್ಲಿ ಭೂಮಿ ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲಲಿ ಎಂದು ಕೊರೆಸಿಟ್ಟಿದೆ. ಇಡೀ ಪ್ರಸಂಗದಲ್ಲಿ ನನಗೆ ಹಿಡಿಸುವುದು ಈ ಕಟ್ಟಪ್ಪಣೆ. ಕಲ್ಲು ನಿಲ್ಲಿಸುವುದು ಒಂದು ದಿನದ ಕೆಲಸ, ದೊಡ್ಡವರು ಬಂದು ಮಾಡಿ ಹೋಗುತ್ತಾರೆ. ಮಾರನೆಯ ದಿನದಿಂದ ಅದನ್ನು ನೋಡಿಕೊಳ್ಳುವವರು ಯಾರು, ಅವರ ಹೊಟ್ಟೆಗೇನು ಎಂದು ಆ ಕಾಲದವರು ಯೋಚಿಸಿದ್ದರು. ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ನೆಲ ಬಿಡುತ್ತಿದ್ದ ನಾಡು ಇದು. ತುರು ಕಾಯಲು ಹೋಗಿ ಸತ್ತವರು, ಊರಿಗೆ ಕಳ್ಳರು ನುಗ್ಗಿದಾಗ ಅಡ್ಡ ನಿಂತವರು, ಹೆಂಗಸರ ಮಾನ ಕಾಯಲು ಹೋದವರು, ಹುಲಿ ಹೊಡೆಯಲು ಹೋಗಿ ಹುಲಿಯೊಂದಿಗೇ ಬಿದ್ದವರು, ಎಲ್ಲರಿಗೂ ಕಲ್ಲುಗಳಿವೆ. ಅವರಲ್ಲಿ ಬಹಳ ಮಂದಿ ಸಂಬಳದ ಸೈನಿಕರಲ್ಲ. ಕೂಗು ಕೇಳಿದ ಕೂಡಲೇ ಎದ್ದು ಓಡಿದವರು.

ಈಗಲೂ ಕೂಗು ಕೇಳಿ ಓಡುವವರಿದ್ದಾರೆ. ಈಗ ಅವರಿಗೆ ಖಾಕಿ ಬಟ್ಟೆ, ಸಂಬಳದ ಚೀಟಿ. ಅವರ ಕಲ್ಲುಗಳು ಎಲ್ಲಿವೆ, ಅಲ್ಲಿ ದೀಪ ಹಚ್ಚುವವರು ಯಾರು ಎಂದು ನೋಡಬೇಕೆನಿಸಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಬೇರೆ ಕಡೆಗೂ ಹೋಗಬಹುದಿತ್ತು. ಸೈನಿಕರ ಪ್ರತಿಮೆಗಳನ್ನು ನೋಡಬೇಕೆಂದರೆ ಮಡಿಕೇರಿಯಿದೆ. ಅಲ್ಲಿ ಜನರಲ್ ತಿಮ್ಮಯ್ಯನವರ ಮನೆಯೇ ಮ್ಯೂಸಿಯಂ ಆಗಿದೆ, ಅಂಗಳದಲ್ಲಿ ಯುದ್ಧಸ್ಮಾರಕವಿದೆ. ಆದರೆ ಕೊಡಗಿನಲ್ಲಿ ಸೈನಿಕನನ್ನು ನೆನೆಯಲು ಯಾರೂ ಹೇಳಿಕೊಡಬೇಕಿಲ್ಲ, ಮನೆಮನೆಯ ಗೋಡೆಯ ಮೇಲೆ ಸಮವಸ್ತ್ರದ ಫೋಟೋ ಇರುತ್ತದೆ. ನನಗೆ ಬೇಕಿದ್ದದ್ದು ನೆನಪೇ ಕಷ್ಟವಾದ ಜಾಗ. ಯಾರನ್ನು ಹಿಡಿಯಲು ಹೋಗಿ ಇಷ್ಟು ಜನ ಸತ್ತರೋ ಅವನ ಹೆಸರು ಎಲ್ಲರ ಬಾಯಲ್ಲೂ ಇದ್ದು, ಸತ್ತವರ ಹೆಸರು ಕಲ್ಲಿನ ಮೇಲೆ ಮಾತ್ರ ಉಳಿದ ಜಾಗ.

ಕೊಳ್ಳೇಗಾಲ 1956ರವರೆಗೆ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಬಸ್‌ಸ್ಟ್ಯಾಂಡಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೊರಟವರದೇ ಜಾತ್ರೆ. ಹಣೆತುಂಬ ವಿಭೂತಿ, ಹೆಗಲಿಗೆ ಬ್ಯಾಗು, ಕಂಕುಳಲ್ಲಿ ಮುಡಿ ಕೊಡಬೇಕಾದ ಮಗು. ಹನೂರಿನ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದದ್ದು ಇಲ್ಲಿಂದ. ಡಿಸೆಂಬರಿನಲ್ಲಿ ಸಿಕ್ಕಿದ್ದು ಹೆಣ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹುಡುಗ ಫೋನಿನಿಂದ ತಲೆ ಎತ್ತಲಿಲ್ಲ. ಎತ್ತಬೇಕೆಂದೂ ಇಲ್ಲ. ಅವನು ಹುಟ್ಟುವ ಮೊದಲಿನ ಮಾತು.

ಹನೂರಿನಲ್ಲಿ ಇಳಿದು ಟೀ ಕುಡಿಯುವಾಗ ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್ ಆಗಿದ್ದವರೊಬ್ಬರು ಸಿಕ್ಕರು. ಪೊಲೀಸರ ಸ್ಮಾರಕವಿರುವ ಮೀಣ್ಯಂಗೆ ಹೋಗುತ್ತೇನೆ ಅಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಪಿಚ್ಚರ್ ತಗಿಯೋರಾ ಸಾ?’

ಅಲ್ಲ ಅಂದೆ.

‘ಬರೋರೆಲ್ಲ ಅವನ್ ಮನೆ ಎಲ್ಲಿ, ಅವನ್ ಕೂತಿದ್ ಬಂಡೆ ಎಲ್ಲಿ ಅಂತ ಕೇಳ್ತರ. ಸತ್ತೋರ್ ಜಾಗ ಕೇಳಿದ್ದು ನೀವೇಯ.’

ಹಾಗಲ್ಲ, ಬೇರೆಯವರೂ ಬಂದಿರಬಹುದು ಅಂದೆ. ಅವರು ಟೀ ಲೋಟ ಕೆಳಗಿಟ್ಟು, ‘ಬತ್ತರ, ಆಗಸ್ಟ್‌ನಲ್ಲಿ. ಪೊಲೀಸ್‌ನೋರು ಬಂದು ಹೂವಾ ಮಡಗಿ ಓಯ್ತರ. ಪೊಲೀಸ್‌ನೋರ್ಗೆ ಬಂದೂಕ ಆರ್‌ಸೋ ಮರ್ಯಾದಿ ಅದ. ನಮ್ ವಾಚರ್‌ಗಳ್ಗೆ ಯಾವ್ದೂ ಇಲ್ಲಕನ ಸಾ’ ಅಂದರು. ಈ ಕೊನೆಯ ಮಾತನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು.

ಪೂರ್ತಿ ಇಲ್ಲವೆಂದಲ್ಲ. ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿ ಅರಣ್ಯ ಹುತಾತ್ಮರ ಸ್ಮಾರಕವಿದೆ, ಸೆಪ್ಟೆಂಬರ್ 11ರಂದು ಅಲ್ಲಿ ಗೌರವ ಸಲ್ಲುತ್ತದೆ. ಆ ದಿನಾಂಕ ರಾಜಸ್ಥಾನದ ಖೇಜರ್ಲಿಯಿಂದ ಬಂದದ್ದು. 1730ರಲ್ಲಿ ಜೋಧಪುರದ ಅರಸನ ಜನ ಮರ ಕಡಿಯಲು ಬಂದಾಗ ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಮರ ತಬ್ಬಿ ಪ್ರಾಣ ಬಿಟ್ಟರು. ಪೊಲೀಸರ ದಿನ ಅಕ್ಟೋಬರ್ 21. ಅದು 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸಿನಲ್ಲಿ ಚೀನಿಯರ ಗುಂಡಿಗೆ ಬಲಿಯಾದ ಹತ್ತು ಸಿಆರ್‌ಪಿಎಫ್ ಜವಾನರ ನೆನಪು. ಎರಡೂ ದೂರದ ದಿನಾಂಕಗಳು. ಕಾಡಿನ ಕೆಲಸದಲ್ಲಿ ಗುಂಡಿಗೆ ಸತ್ತವರಷ್ಟೇ ಅಲ್ಲ, ಬೆಂಕಿಗೆ, ಆನೆಗೆ ಸಿಕ್ಕವರೂ ಇದ್ದಾರೆ. 2017ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಬಂಡೀಪುರದಲ್ಲಿ ಕಾಳ್ಗಿಚ್ಚು ಆರಿಸಲು ಹೋಗಿ ಅರಣ್ಯ ರಕ್ಷಕ ಮುರಿಗೆಪ್ಪ ತೀರಿಕೊಂಡರು. 2018ರ ಮಾರ್ಚಿನಲ್ಲಿ ನಾಗರಹೊಳೆಯ ಮುಖ್ಯಸ್ಥರಾಗಿದ್ದ ಮಣಿಕಂದನ್ ಅವರನ್ನು ಆನೆ ಕೊಂದಿತು. ಒಬ್ಬರು ಕೆಳಗಿನ ಮೆಟ್ಟಿಲು, ಒಬ್ಬರು ಮೇಲಿನ ಮೆಟ್ಟಿಲು. ಬೆಂಕಿಗೂ ಆನೆಗೂ ಅದೆಲ್ಲ ಗೊತ್ತಿಲ್ಲ. ಆದರೆ ಹನೂರಿನ ವಾಚರಿಗೆ ಮಲ್ಲೇಶ್ವರದ ಸ್ಮಾರಕ ಇದ್ದರೇನು, ಬಿಟ್ಟರೇನು? ಅವರು ಹೇಳಿದ್ದು ಹನೂರಿನ ಮಾತು.

ರಾಮಾಪುರದ ರಸ್ತೆಯಲ್ಲಿ ಮುಸುಕಿನ ಜೋಳ ಎದೆಯೆತ್ತರ ನಿಂತಿತ್ತು. 1992ರ ಮೇ ತಿಂಗಳ ಒಂದು ರಾತ್ರಿ ಇಲ್ಲಿನ ಠಾಣೆಗೆ ವೀರಪ್ಪನ್ ಗುಂಪು ನುಗ್ಗಿ ಐವರು ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ಯಿತು. ಕಾಡಿನೊಳಗೆ ಹುಡುಕಿ ಹೋದವರನ್ನು ಕೊಂದದ್ದು ಬೇರೆ, ಊರೊಳಗಿನ ಠಾಣೆಗೇ ಬಂದದ್ದು ಬೇರೆ. ಅಲ್ಲಿಂದಾಚೆಗೆ ಈ ಸೀಮೆಯಲ್ಲಿ ಕತ್ತಲಾದ ಮೇಲೆ ಬಾಗಿಲು ತಟ್ಟಿದರೆ ಯಾರೆಂದು ಕೇಳುವುದಕ್ಕೂ ಜನ ಹೆದರುತ್ತಿದ್ದರಂತೆ. ತಟ್ಟಿದವರು ಅವನ ಕಡೆಯವರಾದರೆ ಅಕ್ಕಿ ಕೊಡಬೇಕು. ಪೊಲೀಸರಾದರೆ ಅಕ್ಕಿ ಯಾರಿಗೆ ಕೊಟ್ಟೆ ಎಂದು ಹೇಳಬೇಕು.

ಮೀಣ್ಯಂ ಬಳಿ ನಡೆದದ್ದು ಅದೇ ವರ್ಷದ ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವದ ಹಿಂದಿನ ದಿನ. ಮೈಸೂರಿನ ಎಸ್ಪಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮಾಹಿತಿದಾರನ ಮಾತು ನಂಬಿ ಹೊರಟಿದ್ದರು. ಆ ಮಾಹಿತಿದಾರ ಅಷ್ಟರಲ್ಲಿ ವೀರಪ್ಪನ್ ಕೈಗೆ ಸಿಕ್ಕಿಬಿಟ್ಟಿದ್ದ. ಪೊಲೀಸರೆಂದು ಗೊತ್ತಾಗದಿರಲೆಂದು ಅಂಬಾಸಿಡರ್ ಕಾರಿನಲ್ಲಿ ಹೋದವರಿಗೆ ರಸ್ತೆಯ ಎರಡೂ ಬದಿಯಿಂದ ಗುಂಡು ಬಿತ್ತು. ಆರು ಮಂದಿ ಸತ್ತರು. ಇಬ್ಬರ ಹೆಸರು ಆಗಲೇ ಹೇಳಿದೆ. ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಬರುವುದೂ ಅವೆರಡೇ. ಮಿಕ್ಕ ನಾಲ್ವರು ಬೆನಗೊಂಡ, ಕಾಳಪ್ಪ, ಸುಂದರ, ಅಪ್ಪಚ್ಚು. ಇವರು ಕಾನ್‌ಸ್ಟೆಬಲ್‌ಗಳು. ಯಾವ ಊರಿಂದಲೋ ಬಂದು ಮಾದಪ್ಪನ ಕಾಡಿನ ಅಂಚಿನಲ್ಲಿ ಒಂದೇ ದಿನ ಬಿದ್ದರು.

ಸ್ಮಾರಕದ ಹತ್ತಿರ ನಾನು ನಿಂತಿದ್ದಷ್ಟು ಹೊತ್ತು ಯಾರೂ ಬರಲಿಲ್ಲ. ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬರು ದೂರದಿಂದಲೇ ನೋಡಿ ಮುಖ ತಿರುಗಿಸಿದರು. ಕಲ್ಲಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಈ ಕಾಡಲ್ಲ, ಇಲ್ಲಿಂದ ಬಹುದೂರದ ದೆಹಲಿಯ ಸುಪ್ರೀಂ ಕೋರ್ಟು.

2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ನೂರೆಂಟು ದಿನ. ಆ ದಿನಗಳಲ್ಲಿ ಕರ್ನಾಟಕದಲ್ಲಿದ್ದ ಯಾರಿಗೂ ಅದನ್ನು ವಿವರಿಸಬೇಕಿಲ್ಲ. ಅಂಗಡಿ ಬಾಗಿಲು ಮುಚ್ಚಿದ್ದವು, ಚಿತ್ರರಂಗ ಸ್ತಬ್ಧವಾಗಿತ್ತು, ದೇವಸ್ಥಾನಗಳಲ್ಲಿ ಅಣ್ಣಾವ್ರ ಹೆಸರಿನಲ್ಲಿ ಅರ್ಚನೆ. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಒಂದು, ಮೈಸೂರಿನಲ್ಲಿ ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಬಂದಿಗಳಾಗಿದ್ದವರನ್ನು ಬಿಡಬೇಕೆನ್ನುವುದು. ಸರ್ಕಾರ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು. ಆಗ ಒಬ್ಬ ಮುದುಕರು ಸುಪ್ರೀಂ ಕೋರ್ಟಿಗೆ ಹೋದರು. ಹೆಸರು ಅಬ್ದುಲ್ ಕರೀಮ್, ತಾವೂ ಪೊಲೀಸ್ ಅಧಿಕಾರಿಯಾಗಿ ನಿವೃತ್ತರಾದವರು, ಶಕೀಲ್ ಅಹಮದ್ ಅವರ ತಂದೆ. ತನ್ನ ಮಗನ ಸಾವಿಗೆ ಕಾರಣರಾದವರ ಮೇಲಿನ ಮೊಕದ್ದಮೆಯನ್ನು ಹೀಗೆ ಕೈಬಿಡಬಹುದೇ ಎಂಬುದೇ ಅವರ ಪ್ರಶ್ನೆ.

ಇಡೀ ನಾಡು ಒಂದು ಕಡೆ ಕೈಮುಗಿದು ನಿಂತಿರುವಾಗ ಒಬ್ಬ ಅಪ್ಪ ಇನ್ನೊಂದು ಕಡೆ ನಿಂತದ್ದು. ಅಣ್ಣಾವ್ರು ಮನೆಗೆ ಬರಲಿ ಎಂದು ಬಯಸಿದವರಲ್ಲಿ ನಾನೂ ಒಬ್ಬ. ಆ ಬಯಕೆಯಲ್ಲಿ ತಪ್ಪಿತ್ತೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಕರೀಮ್ ಅವರ ಪ್ರಶ್ನೆಗೆ ಆ ದಿನಗಳಲ್ಲಿ ನಮ್ಮಲ್ಲಿ ಉತ್ತರ ಇರಲಿಲ್ಲ. ಇತ್ತೆಂದು ಹೇಳುವವರ ಮಾತು ನಾನು ನಂಬುವುದಿಲ್ಲ. ಸುಪ್ರೀಂ ಕೋರ್ಟು ಬಿಡುಗಡೆಯನ್ನು ತಡೆಯಿತು. ನವೆಂಬರ್ 7ರಂದು ಅಬ್ದುಲ್ ಕರೀಮ್ ವರ್ಸಸ್ ಕರ್ನಾಟಕ ರಾಜ್ಯ ಎಂಬ ಹೆಸರಿನ ಆ ಪ್ರಕರಣದಲ್ಲಿ, ಆರೋಪ ಕೈಬಿಡಲು ಕೊಟ್ಟಿದ್ದ ಒಪ್ಪಿಗೆಯನ್ನೇ ರದ್ದು ಮಾಡಿತು. ಎಂಟು ದಿನ ಕಳೆದು, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾಗಿ ಬಂದರು. ಎರಡೂ ಆಯಿತು. ಹೀಗಾಗುವುದೆಂದು ಅರ್ಜಿ ಹಾಕುವಾಗ ಕರೀಮ್ ಅವರಿಗೆ ಗೊತ್ತಿರಲಿಲ್ಲ. ಅಣ್ಣಾವ್ರಿಗೆ ಏನಾದರೂ ಆಗಿದ್ದರೆ ಈ ನಾಡು ಆ ಮುದುಕರನ್ನು ಹೇಗೆ ನೋಡುತ್ತಿತ್ತು ಎಂದು ಯೋಚಿಸಿದರೆ ಈಗಲೂ ಹೆದರಿಕೆಯಾಗುತ್ತದೆ. ಮೀಣ್ಯಂ ಬಳಿಯ ಕಲ್ಲನ್ನು ಇಲಾಖೆ ನೋಡಿಕೊಳ್ಳುತ್ತದೆ. ಶಕೀಲ್ ಅಹಮದ್ ಅವರ ನಿಜವಾದ ಸ್ಮಾರಕ ಕಾನೂನಿನ ವರದಿ ಪುಸ್ತಕಗಳಲ್ಲಿದೆ, ವಕೀಲರು ಇವತ್ತಿಗೂ ಅದನ್ನು ತೆರೆಯುತ್ತಾರೆ.

ಬೆಟ್ಟದ ಮೇಲೆ ರಾತ್ರಿ ಉಳಿದೆ. ಮಾದಪ್ಪ ಹುಲಿಯ ಮೇಲೆ ಕೂತ ದೇವರು. ಇಲ್ಲಿನ ಪೂಜೆ ಬೇಡಗಂಪಣ ತಮ್ಮಡಿಗಳದ್ದು. ‘ಉಘೇ’ ಅನ್ನುವ ಕೂಗು ಎಲ್ಲಿಂದಲೋ ಎದ್ದು ಎಲ್ಲಿಗೋ ಹೋಗುತ್ತಿತ್ತು. ಕಂಸಾಳೆಯವರು ಆ ದಿನ ಸಿಗಲಿಲ್ಲ. ಬೆಟ್ಟದ ಬಗ್ಗೆ ಬರೆಯಬೇಕಾದದ್ದು ಬಹಳವಿದೆ, ಬರೆದವರೂ ಬಹಳ. ನಾನು ಇಲ್ಲಿ ಬೇರೆ ಒಂದು ವಿಷಯ ಹೇಳಬೇಕು, ಏಕೆಂದರೆ ಅದನ್ನು ಬಿಟ್ಟು ಮುಂದಕ್ಕೆ ಹೋದರೆ ಹುತಾತ್ಮರ ಕಥೆ ಸುಳ್ಳಾಗುತ್ತದೆ.

ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳು ವಿಶೇಷ ಕಾರ್ಯಪಡೆ ಕಟ್ಟಿದವು. ಬೆಟ್ಟದಲ್ಲಿ ಕಾರ್ಯಪಡೆಯ ಒಂದು ಶಿಬಿರವಿತ್ತು. ಜನರ ಬಾಯಲ್ಲಿ ಅದು ‘ವರ್ಕ್‌ಶಾಪ್’. ಅಲ್ಲಿಗೆ ಹೋಗಿ ಬಂದವರ ಮೈ ಮೊದಲಿನಂತಿರಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಕಾಡಂಚಿನ ಜನರ ಹೇಳಿಕೆ ಪಡೆಯಿತು. 2007ರಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಅವರಲ್ಲಿ ಸೋಲಿಗರಿದ್ದಾರೆ, ತಮಿಳು ಮಾತಾಡುವ ಕೂಲಿಗಳಿದ್ದಾರೆ, ಹೆಂಗಸರಿದ್ದಾರೆ. ಅವರ ಹೆಸರಿಗೆ ಎಲ್ಲೂ ಕಲ್ಲಿಲ್ಲ. ಪೊಲೀಸರಿಗೆ ಗೌರವ ಸಲ್ಲಿಸುವ ಮಾತಾಡಿದ ಕೂಡಲೇ ಇದನ್ನು ಎತ್ತುವುದು ಸರಿಯಲ್ಲ ಎಂದು ನನ್ನ ಸ್ನೇಹಿತರೊಬ್ಬರು ಹೇಳುತ್ತಾರೆ. ಅವರೂ ನಿವೃತ್ತ ಪೊಲೀಸ್. ‘ಸತ್ತವರು ಬೇರೆ, ಹೊಡೆದವರು ಬೇರೆ’ ಎನ್ನುವುದು ಅವರ ವಾದ. ಅದು ನಿಜ. ಆದರೆ ಸಮವಸ್ತ್ರ ಒಂದೇ. ಮೀಣ್ಯಂನಲ್ಲಿ ಕುರಿ ಕಾಯುತ್ತಿದ್ದ ಹೆಂಗಸು ಮುಖ ತಿರುಗಿಸಿದ್ದು ಯಾವುದರ ನೆನಪಿಗೆ ಎಂದು ನಾನು ಹೋಗಿ ಕೇಳಲಿಲ್ಲ. ಬರೀ ಬಿಸಿಲಿಗೂ ಇರಬಹುದು.

ಬೆಟ್ಟ ಇಳಿದರೆ ಪಾಲಾರ್. ಒಂದು ಹೊಳೆ, ಒಂದು ಚೆಕ್‌ಪೋಸ್ಟ್, ಆಚೆ ತಮಿಳುನಾಡು, ಮೆಟ್ಟೂರಿನ ದಾರಿ. 1993ರ ಏಪ್ರಿಲ್ 9ರಂದು ಈ ಕಾಡಿನ ಸೊರಕಾಯ್‌ಮಡುವಿನ ಹತ್ತಿರ ರಸ್ತೆಯಡಿ ಹೂತಿಟ್ಟ ನೆಲಬಾಂಬು ಸಿಡಿದು 22 ಜನ ಸತ್ತರು. ಅವರಲ್ಲಿ ಪೊಲೀಸರಿದ್ದರು, ಅರಣ್ಯ ಇಲಾಖೆಯವರಿದ್ದರು, ದಾರಿ ತೋರಿಸಲು ಕರೆದೊಯ್ದ ಊರಿನವರೂ ಇದ್ದರು. ಈ ಕೊನೆಯವರನ್ನು ಏನೆಂದು ಕರೆಯುವುದು? ಸರ್ಕಾರಿ ಕಾಗದದಲ್ಲಿ ಅವರು ಮಾಹಿತಿದಾರರು. ಸಮವಸ್ತ್ರವಿಲ್ಲ, ಪಿಂಚಣಿಯಿಲ್ಲ. ಬದುಕಿದ್ದಿದ್ದರೆ ವೀರಪ್ಪನ್ ಬಿಡುತ್ತಿರಲಿಲ್ಲ. ಸ್ಫೋಟದ ಮೊಕದ್ದಮೆಯಲ್ಲಿ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟು ಗಲ್ಲು ವಿಧಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಹಾಗೇ ಬಿದ್ದಿತ್ತೆಂಬ ಕಾರಣಕ್ಕೆ 2014ರ ಜನವರಿಯಲ್ಲಿ ಅದೇ ಕೋರ್ಟು ಜೀವಾವಧಿಗೆ ಇಳಿಸಿತು. ಈಗ ಆ ರಸ್ತೆಯಲ್ಲಿ ಟಾರು ಚೆನ್ನಾಗಿದೆ. ಕೋತಿಗಳು ಬಾಳೆಹಣ್ಣಿಗಾಗಿ ಕಾರು ಅಡ್ಡಗಟ್ಟುತ್ತವೆ.

ಪಾಲಾರಿನಿಂದ ಗೋಪಿನಾಥಂಗೆ ಹೋಗುವ ದಾರಿಯ ಎರಡೂ ಬದಿ ಕಾಡು. ಈ ಕಾಡಿನಲ್ಲೀಗ ಪ್ರವಾಸಿಗರಿಗೆ ಸಫಾರಿ ಇದೆ, ಗೋಪಿನಾಥಂನಲ್ಲಿ ಉಳಿಯಲು ಬಿಡಾರವಿದೆ. ವೀರಪ್ಪನ್ ಹುಟ್ಟಿದ ಊರು ಎನ್ನುವುದೇ ಅದರ ಆಕರ್ಷಣೆ. ಅದಕ್ಕೆ ಮೂಗು ಮುರಿಯುವವರಿದ್ದಾರೆ. ಊರಿನ ನಾಲ್ಕು ಹುಡುಗರಿಗೆ ಅದರಿಂದ ಕೆಲಸ ಸಿಕ್ಕಿದ್ದರೆ ನನ್ನ ತಕರಾರಿಲ್ಲ. ತಕರಾರಿರುವುದು ಬೇರೆ. ಈ ಊರಿನಲ್ಲಿ ಕಥೆ ಹೇಳಬಹುದಾದ ಇನ್ನೊಬ್ಬ ಮನುಷ್ಯ ಇದ್ದ, ಆ ಕಥೆ ಹೇಳಿ ಪ್ರವಾಸಿಗರನ್ನು ಕರೆಯುವವರು ಕಡಿಮೆ.

ಪಂದಿಲ್ಲಪಲ್ಲಿ ಶ್ರೀನಿವಾಸ್ ರಾಜಮಂಡ್ರಿಯ ತೆಲುಗರು. ಹುಟ್ಟಿದ್ದು 1954ರ ಸೆಪ್ಟೆಂಬರ್ 12. ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದರು. 1986ರಲ್ಲಿ ವೀರಪ್ಪನ್ ಒಮ್ಮೆ ಸೆರೆ ಸಿಕ್ಕಿ, ಬೂದಿಪಡಗದ ಅರಣ್ಯ ಬಂಗಲೆಯಿಂದ ತಪ್ಪಿಸಿಕೊಂಡಿದ್ದ. ಆಗ ಶ್ರೀನಿವಾಸ್ ಚಾಮರಾಜನಗರದಲ್ಲಿ ಡಿಸಿಎಫ್, ಅಂದರೆ ಉಪ ಅರಣ್ಯ ಸಂರಕ್ಷಣಾಧಿಕಾರಿ. ಮುಂದೆ ಅವನನ್ನು ಹಿಡಿಯುವ ಕೆಲಸ ಮತ್ತೆ ಅವರ ಪಾಲಿಗೆ ಬಂದಾಗ ಅವರು ಎಲ್ಲರೂ ಹೋದ ದಾರಿ ಹಿಡಿಯಲಿಲ್ಲ. ಗೋಪಿನಾಥಂಗೆ ಬಂದು ಕೂತರು. ಊರಿನ ಹುಡುಗರು ಕಾಡಿಗೆ ಯಾಕೆ ಹೋಗುತ್ತಾರೆ, ಗಂಧದ ಮರ ಕಡಿದರೆ ಸಿಗುವ ದುಡ್ಡು ಬೇರೆ ಯಾವುದರಿಂದ ಸಿಗುತ್ತದೆ ಎಂದು ಲೆಕ್ಕ ಹಾಕಿದರು. ಮನೆಗಳನ್ನು ಕಟ್ಟಿಸಿಕೊಟ್ಟರು. ಔಷಧಿ ಬರುವಂತೆ ಮಾಡಿದರು. ಮಾರಿಯಮ್ಮನ ಗುಡಿಗೆ ತಮ್ಮ ಕೈಯಿಂದಲೂ ಹಣ ಹಾಕಿ ಕಟ್ಟಿಸಿದರು. ಗುಂಪಿನಲ್ಲಿದ್ದ ಕೆಲವರು ಕಾಡು ಬಿಟ್ಟು ಬಂದರು. ವೀರಪ್ಪನ್‌ಗೆ ಬಂದೂಕಿಗಿಂತ ಇದು ಅಪಾಯ ಅನ್ನಿಸಿರಬೇಕು.

ಅವನೂ ಶರಣಾಗುತ್ತಾನಂತೆ, ಆದರೆ ನೀವು ಬಂದೂಕಿಲ್ಲದೆ ಬರಬೇಕಂತೆ ಎಂದು ಸುದ್ದಿ ಬಂತು. ತಂದವನು ವೀರಪ್ಪನ್‌ನ ತಮ್ಮ ಅರ್ಜುನನ್. 1991ರ ನವೆಂಬರ್ 10ರ ಬೆಳಿಗ್ಗೆ ಶ್ರೀನಿವಾಸ್ ಬಂದೂಕಿಲ್ಲದೆ ಹೋದರು. ನಾಮದಳ್ಳಿಯ ಬಳಿ ಕಾಡಿನಲ್ಲಿ ಅವರಿಗೆ ಗುಂಡು ಹೊಡೆದು ತಲೆ ಕಡಿದರು. ಅವರಿಗೆ ಮೂವತ್ತೇಳು ವರ್ಷ. ಮರುವರ್ಷ ಕೀರ್ತಿ ಚಕ್ರ ಬಂತು, ಶಾಂತಿಕಾಲದ ಶೌರ್ಯಕ್ಕೆ ಕೊಡುವ ಎರಡನೆಯ ದೊಡ್ಡ ಪದಕ. ಅವರು ಓಡಾಡುತ್ತಿದ್ದ ಹಳೆಯ ಜೀಪನ್ನು ಇಲಾಖೆ ಈಚೆಗೆ ರಿಪೇರಿ ಮಾಡಿಸಿ ನೆನಪಿಗೆ ಇಟ್ಟುಕೊಂಡಿದೆ. ಒಳ್ಳೆಯ ಕೆಲಸ, ತಡವಾದರೂ.

ಅವರ ಸಾವಿನ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಆಫೀಸುಗಳಲ್ಲಿ ಕೇಳುವ ಮಾತು, ಪಾಪ, ಬಹಳ ನಂಬಿಬಿಟ್ಟರು ಎನ್ನುವುದು. ಅದರಲ್ಲಿ ಸ್ವಲ್ಪ ಮರುಕವಿದೆ, ಸ್ವಲ್ಪ ಅಸಡ್ಡೆಯೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಎಸ್ಪಿ ಹರಿಕೃಷ್ಣ ಎಚ್ಚರದಿಂದ ಶಸ್ತ್ರ ಹಿಡಿದೇ ಹೋಗಿದ್ದರು, ಅವರೂ ಉಳಿಯಲಿಲ್ಲ. ಪಾಲಾರಿಗೆ ಬಸ್ಸು ತುಂಬ ಪೊಲೀಸರು ಹೋಗಿದ್ದರು. ಕೊನೆಗೆ 2004ರ ಅಕ್ಟೋಬರ್ 18ರಂದು ತಮಿಳುನಾಡಿನ ಕಾರ್ಯಪಡೆ ಧರ್ಮಪುರಿಯ ಬಳಿ ವೀರಪ್ಪನ್‌ನನ್ನು ಕೊಂದದ್ದು ಕಾಡು ಜಾಲಾಡಿ ಅಲ್ಲ. ಅವನ ನಂಬಿಕೆ ಗಳಿಸಿದ ಜನರ ಮೂಲಕ ಹೊರಗೆ ಕರೆಸಿ. ನಂಬಿಕೆಯೇ ದಾರಿ ಎಂದು ಶ್ರೀನಿವಾಸ್ ಹದಿಮೂರು ವರ್ಷ ಮೊದಲೇ ಕಂಡಿದ್ದರು. ಒಂದೇ ವ್ಯತ್ಯಾಸ, ಅವರು ಅದನ್ನು ಬಲೆಯಾಗಿ ಬಳಸಲಿಲ್ಲ.

ಎರಡನೆಯ ಮಾತು ಗೋಪಿನಾಥಂನದು. ಮಾರಿಯಮ್ಮನ ಗುಡಿಯ ಹತ್ತಿರ ಹೋದಾಗ ಮಧ್ಯಾಹ್ನದ ಬಿಸಿಲು. ಊರಿನಲ್ಲಿ ಹೆಚ್ಚಿನವರ ಮನೆಮಾತು ತಮಿಳು, ಕನ್ನಡವೂ ಸರಾಗ. ಗುಡಿಯಲ್ಲಿ ಶ್ರೀನಿವಾಸ್ ಅವರ ಚಿತ್ರ ಇಟ್ಟುಕೊಂಡಿದ್ದಾರೆಂದು ಓದಿದ್ದೆ. ಅಂಗಳ ಗುಡಿಸುತ್ತಿದ್ದ ವಯಸ್ಸಾದ ತಾಯಿಯೊಬ್ಬರು ಪೊರಕೆ ಕೆಳಗಿಟ್ಟು ತೋರಿಸಿದರು. ಹಣೆಗೆ ಕುಂಕುಮ ಇಟ್ಟ ಚಿತ್ರ. ಪಕ್ಕದಲ್ಲೇ ಅಮ್ಮನ ದೀಪ.

‘ಇಲಾಖೆಯೋರಾ ಅಯ್ಯಾ?’ ಎಂದು ಕೇಳಿದರು. ಅಲ್ಲ, ಸುಮ್ಮನೆ ನೋಡಲು ಬಂದೆ ಅಂದೆ.

‘ಸಾಮಿನ ನೋಡಕ್ಕಾ, ಸಾರ್‌ನ ನೋಡಕ್ಕಾ?’

ಸಾರ್‌ನ ನೋಡಲು ಎಂದಾಗ ಅವರಿಗೆ ಸಂತೋಷವಾದಂತೆ ಕಂಡಿತು. ಆ ದಿನಗಳಲ್ಲಿ ಸಾರ್ ಇದೇ ಕಟ್ಟೆಯ ಮೇಲೆ ಕೂತು ಗಂಡಸರಿಗೆ ಬೈಯುತ್ತಿದ್ದರು ಎಂದರು. ಯಾಕೆ ಬೈಯುತ್ತಿದ್ದರು? ‘ಕಾಡಿಗೆ ಹೋಗ್ಬೇಡಿ, ಮಕ್ಕಳನ್ನ ಇಸ್ಕೂಲಿಗೆ ಕಳ್ಸಿ ಅಂತ.’ ಅವರು ಸತ್ತ ಮೇಲೆ? ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಸತ್ತ ಮೇಲೆ ಪೊಲೀಸರು ಬಂದರು ಎಂದಷ್ಟೇ ಹೇಳಿ ಪೊರಕೆ ಎತ್ತಿಕೊಂಡರು.

ಅವರ ಮನೆಯಲ್ಲಿ ಯಾರನ್ನಾದರೂ ಕರೆದೊಯ್ದಿದ್ದರೋ, ಕರೆದೊಯ್ದವರು ಬಂದರೋ ನಾನು ಕೇಳಲಿಲ್ಲ. ಆದರೆ ಒಂದು ಸಂಗತಿ ಅಲ್ಲಿ ನಿಂತಾಗ ಸ್ಪಷ್ಟವಾಯಿತು. ಖಾಕಿಯ ಮೇಲೆ ಸಿಟ್ಟಾಗಲು ಎಲ್ಲ ಕಾರಣಗಳಿರುವ ಊರು ಇದು. ವೀರಪ್ಪನ್‌ನನ್ನು ನಮ್ಮವನು ಎನ್ನುವವರೂ ಇಲ್ಲಿದ್ದಾರೆ. ಆ ಊರಿನ ಗುಡಿಯಲ್ಲಿ ಖಾಕಿ ಹಾಕಿದ್ದ ಒಬ್ಬರ ಚಿತ್ರ ದೇವಿಯ ಪಕ್ಕ ಕೂತಿದೆ. ಅದನ್ನು ಅಲ್ಲಿಡಲು ಯಾವ ಆದೇಶವೂ ಹೊರಡಲಿಲ್ಲ, ಯಾವ ಮಂತ್ರಿಯೂ ಪರದೆ ಸರಿಸಲಿಲ್ಲ. ಎಲ್ಲಿ ಬಿದ್ದರು ಎನ್ನುವುದಕ್ಕೆ ಕಾಡಿನೊಳಗೆ ಇಲಾಖೆಯ ಸ್ಮಾರಕವಿದೆ, ಅಲ್ಲಿಗೆ ಹೋಗಲು ಅನುಮತಿ ಬೇಕು. ಹೇಗೆ ಬದುಕಿದ್ದರು ಎನ್ನುವುದಕ್ಕೆ ಈ ಗುಡಿ, ಇಲ್ಲಿಗೆ ಯಾರು ಬೇಕಾದರೂ ಬರಬಹುದು. ಮೀಣ್ಯಂನ ಆರು ಜನ ಆ ಊರಿನಲ್ಲಿ ಬದುಕಿರಲಿಲ್ಲ, ಅಲ್ಲಿಗೆ ಸಾಯಲು ಮಾತ್ರ ಹೋದರು. ಅವರ ತಪ್ಪೇನೂ ಇಲ್ಲ. ಪೊಲೀಸ್ ಕೆಲಸವೇ ಹಾಗೆ, ವರ್ಗಾವಣೆಯ ಕೆಲಸ. ಹಾಗಾಗಿ ಬೆನಗೊಂಡ, ಕಾಳಪ್ಪ, ಸುಂದರ, ಅಪ್ಪಚ್ಚು ಇವರನ್ನು ನೆನೆಯುವ ಹೊಣೆ ಮೀಣ್ಯಂನದ್ದಲ್ಲ, ಅವರನ್ನು ಅಲ್ಲಿಗೆ ಕಳಿಸಿದವರದ್ದು. ಸರ್ಕಾರದ್ದು, ಅಂದರೆ ನಮ್ಮದು. ವರ್ಷಕ್ಕೊಂದು ಹೂಮಾಲೆ ಅದಕ್ಕೆ ಸಾಲದು. ಆರೂ ಹೆಸರನ್ನು ಜೋರಾಗಿ ಓದುವ ಒಬ್ಬ ಮನುಷ್ಯನಾದರೂ ಬೇಕು.

ಹೊರಡುವಾಗ ತಾಯಿ ಗುಡಿಯ ಕಟ್ಟೆಯಿಂದಲೇ ಕೂಗಿ ನಿಲ್ಲಿಸಿದರು. ಪುಸ್ತಕದಲ್ಲಿ ಏನೋ ಗೀಚುತ್ತಿದ್ದಿರಲ್ಲ, ಸಾರ್ ವಿಷಯ ಬರೆಯುತ್ತೀರಾ ಎಂದು ಕೇಳಿದರು. ಹೌದು ಎಂದೆ.

‘ಹಂಗಾರೆ ಇದನ್ನೂ ಹಾಕಿ ಅಯ್ಯಾ. ಸಾರ್ ಇದ್ದಾಗ ಔಷಧಿ ಊರಿಗೇ ಬರ್ತಿತ್ತು. ಈಗ ರಾತ್ರಿ ಹೊತ್ತು ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ ಬೆಟ್ಟಕ್ಕೆ ಹೋಗ್ಬೇಕು, ಇಲ್ಲಾ ಮೆಟ್ಟೂರಿಗೆ ಓಡ್ಬೇಕು. ದಾರೀಲಿ ಆನೆ ನಿಂತಿರ್ತದೆ. ನನ್ ಮೊಮ್ಮಗಳಿಗೆ ಬರೋ ತಿಂಗಳು ಹೆರಿಗೆ.’

ಯಾವ ತಾರೀಕು ಹೇಳಿದ್ದಾರೆ ಎಂದು ಕೇಳಿ, ಬರೆದುಕೊಂಡೆ.